ಸಂಶೋಧನ ಕಡತಗಳ ರಕ್ಷಣೆ: ಅನುಮತಿಯ ಕಿಟಕಿಯಲ್ಲಿ ಕಾಣುವುದೂ ಕಾಣದುದೂ

೧

ಇತಿಹಾಸ ಸಂಶೋಧನೆಯಲ್ಲಿ ಆಕರಗಳನ್ನು ಕೂಡಿಸುವುದು ಒಂದು ಕಾರ್ಯ. ಕೂಡಿಸಿದ ಆಕರಗಳನ್ನು ಕೆಡದಂತೆ ಕಾಪಾಡುವುದು ಇನ್ನೊಂದು. ಮೊದಲನೆಯ ಕಾರ್ಯಕ್ಕೆ ನಾವು ವಿದ್ಯಾರ್ಥಿಗಳನ್ನು ತಕ್ಕಮಟ್ಟಿಗೆ ಸಿದ್ಧಗೊಳಿಸುತ್ತೇವೆ. ಎರಡನೆಯದನ್ನು ಕುರಿತು ತರಗತಿಗಳಲ್ಲಿ ಮಾತನಾಡುವುದು ಬಹಳ ಕಡಮೆ. ಶಾಸನಗಳ ಪಡಿಯಚ್ಚುಗಳೂ ಕೈಬರಹದ ಪ್ರತಿಗಳೂ ಬೀರುವಿನಲ್ಲಿದ್ದ ಕಾಲದಲ್ಲಿ, ಬೀಗದ ಕೈ ಯಾರ ವಶದಲ್ಲಿರಬೇಕೆಂಬುದನ್ನು ನಿಶ್ಚಯಿಸಿದರೆ ಸಾಕಾಗಿತ್ತು. ಇಂದು ಕ್ಷೇತ್ರಕಾರ್ಯದ ಛಾಯಾಚಿತ್ರ, ಓದಿದ ಪಾಠ, ಟಿಪ್ಪಣಿ, ಸೂಚಿ ಇವೆಲ್ಲವೂ ಗಣಕದ ಕಡತಗಳಾಗಿವೆ. ಒಂದೇ ಯಂತ್ರವನ್ನು ಅಧ್ಯಾಪಕರೂ ಸಂಶೋಧನ ವಿದ್ಯಾರ್ಥಿಗಳೂ ಎಂ. ಎ. ತರಗತಿಯವರೂ ಬಳಸುತ್ತಾರೆ. ಬೀಗದ ಕೈಯ ಪ್ರಶ್ನೆ ಇದರಿಂದ ಇಲ್ಲವಾಗಲಿಲ್ಲ. ಪರದೆಯ ಮೇಲಿನ ಒಂದು ಸಣ್ಣ ಕಿಟಕಿಯೊಳಕ್ಕೆ ಅದು ಸೇರಿಕೊಂಡಿದೆ.

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಆ ಕಿಟಕಿಯ ವಿಚಾರವನ್ನು ಬರೆಯುವುದೇಕೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣವುಂಟು. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಕ್ಷೇತ್ರಕಾರ್ಯದಲ್ಲಿದ್ದಾಗ, ಒಂದು ಊರಿನ ಕೆರೆಯ ಏರಿಯ ಮೇಲೆ ನಮಗೆ ಒಂದು ವೀರಗಲ್ಲು ದೊರೆಯಿತು. ಅದರ ಬರೆಹ ಬಹಳ ಸವೆದಿತ್ತು. ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದ ಚಿತ್ರಗಳಲ್ಲಿ ಮಾತ್ರ ಮೂರನೆಯ ಸಾಲಿನ ಕೆಲವು ಅಕ್ಷರಗಳು ಮಸುಕಾಗಿ ಕಾಣುತ್ತಿದ್ದುವು. ಆ ಚಿತ್ರಗಳನ್ನು ವಿಭಾಗದ ಗಣಕದಲ್ಲಿ ಎಲ್ಲರೂ ಬಳಸುವ ಒಂದು ಫೋಲ್ಡರಿನಲ್ಲಿ ಇರಿಸಿದೆವು. ಕಡತವನ್ನು ತೆರೆಯಲು ಅನುಮತಿಯಿಲ್ಲವೆಂಬ ಸೂಚನೆ ಬರುತ್ತಿದೆಯೆಂದು ಕೆಲವು ವಿದ್ಯಾರ್ಥಿಗಳು ಹೇಳಿದಾಗ, ನಾವೇ ಆ ಕಿಟಕಿಯನ್ನು ತೆರೆದು, ಎಲ್ಲರಿಗೂ ಪೂರ್ಣಾಧಿಕಾರವೆಂಬ ಚೌಕದಲ್ಲಿ ಗುರುತು ಹಾಕಿದೆವು. ದೂರು ನಿಂತಿತು. ಕೆಲವು ತಿಂಗಳ ತರುವಾಯ ಒಬ್ಬ ವಿದ್ಯಾರ್ಥಿ, ಚಿತ್ರಗಳನ್ನು ದೂರವಾಣಿಯ ಮೂಲಕ ಸ್ನೇಹಿತರಿಗೆ ಕಳುಹಿಸುವ ಸಲುವಾಗಿ, ಆ ಫೋಲ್ಡರಿನ ಚಿತ್ರಗಳೆಲ್ಲವನ್ನೂ ಕಿರಿದು ಮಾಡಿ, ಅದೇ ಹೆಸರಿನಲ್ಲಿ ಅಲ್ಲಿಯೇ ಉಳಿಸಿದನು. ದೊಡ್ಡ ಚಿತ್ರಗಳು ಹೋದುವು. ಇನ್ನೊಮ್ಮೆ ಚಿತ್ರ ತೆಗೆಯೋಣವೆಂದು ಊರಿಗೆ ಹೋದರೆ, ಭಕ್ತರು ಕಲ್ಲಿಗೆ ದಪ್ಪನಾಗಿ ಎಣ್ಣೆಬಣ್ಣ ಬಳಿದಿದ್ದರು.

ಹುಡುಗನನ್ನು ದೂರುವಂತಿಲ್ಲ. ಅನುಮತಿಯಿದ್ದುದನ್ನು ಅವನು ಮಾಡಿದನು. ಅನುಮತಿಯನ್ನು ಕೊಟ್ಟವರು ನಾವು. ಏನನ್ನು ಕೊಟ್ಟೆವೆಂಬುದು ಕೊಡುವಾಗ ನಮಗೆ ತಿಳಿದಿರಲಿಲ್ಲವೆಂಬುದೇ ಇಲ್ಲಿ ವಿಚಾರಿಸತಕ್ಕ ಅಂಶ. ಅಂದಿನಿಂದ ಈ ವಿಷಯವನ್ನು ಅಭ್ಯಾಸ ಮಾಡಿ ಕಂಡುಕೊಂಡುದನ್ನು ಇಲ್ಲಿ ನಿರೂಪಿಸುತ್ತೇವೆ. ಅದರ ಸಾರ ಇಷ್ಟು: ಅನುಮತಿಯ ಕಿಟಕಿಯಲ್ಲಿ ಕಾಣುವುದು ಅಪ್ಪಣೆಯ ಬರೆಹವೇ ಹೊರತು ಅಪ್ಪಣೆಯ ಫಲವಲ್ಲ. ಫಲವನ್ನು ಬೇರೆಯಾಗಿ ಕೇಳಿ ತಿಳಿಯಬೇಕು.

೨

ಗಣಕವನ್ನು ಒಂದು ಸಲಕ್ಕೆ ಒಬ್ಬನೇ ಬಳಸುತ್ತಿದ್ದಷ್ಟು ಕಾಲ ಅನುಮತಿಯ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. ೧೯೬೧ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರೂ ಅವರ ಸಂಗಡಿಗರೂ ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಹಲವರ ಕಡತಗಳು ಒಂದೆಡೆ ಸೇರಿದ ಮೇಲೆ, ಯಾರ ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ಯಂತ್ರವೇ ನೋಡಿಕೊಳ್ಳಬೇಕಾಯಿತು. ಅದೇ ದಶಕದಲ್ಲಿ ರೂಪುಗೊಂಡ ಮಲ್ಟಿಕ್ಸ್ ಎಂಬ ವ್ಯವಸ್ಥೆಯಲ್ಲಿ ಪ್ರತಿಯೊಂದು ಕಡತಕ್ಕೂ ಒಂದು ಪಟ್ಟಿಯನ್ನು ಸೇರಿಸುವ ಪದ್ಧತಿ ಬಂದಿತು: ಇಂಥವರು ಓದಬಹುದು, ಇಂಥವರು ಬರೆಯಬಹುದು ಎಂದು ಹೆಸರು ಹೆಸರಾಗಿ ಅದರಲ್ಲಿ ನಮೂದಿಸಲಾಗುತ್ತಿತ್ತು.

೧೯೬೯ರಲ್ಲಿ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಆರಂಭಿಸಿದ ಯೂನಿಕ್ಸ್ ಇದಕ್ಕಿಂತ ಸರಳವಾದ ದಾರಿಯನ್ನು ಹಿಡಿಯಿತು. ೧೯೭೦ರ ದಶಕದಲ್ಲಿ ಅದು ನೆಲೆಗೊಂಡ ರೂಪದಲ್ಲಿ ಪ್ರತಿ ಕಡತಕ್ಕೂ ಒಬ್ಬ ಒಡೆಯ, ಒಂದು ಗುಂಪು, ಉಳಿದವರು ಎಂದು ಮೂರು ವರ್ಗ. ಪ್ರತಿ ವರ್ಗಕ್ಕೂ ಓದುವುದು, ಬರೆಯುವುದು, ನಡೆಸುವುದು ಎಂದು ಮೂರು ಹಕ್ಕು. ಒಟ್ಟು ಒಂಬತ್ತು ಗುರುತು. ಇಂದಿನ ಲಿನಕ್ಸ್ ಈ ಪರಂಪರೆಗೆ ಸೇರಿದುದು. ೧೯೯೩ರಲ್ಲಿ ಹೊರಬಂದ ವಿಂಡೋಸ್ ಎನ್‌ಟಿ ಪಟ್ಟಿಯ ಪದ್ಧತಿಯನ್ನು ಕೈಗೊಂಡಿತು. ಈಗಿನ ವಿಂಡೋಸ್ ಯಂತ್ರಗಳಲ್ಲಿರುವುದು ಅದೇ. ಆಪಲ್ ಸಂಸ್ಥೆಯ ಮ್ಯಾಕ್ ಯಂತ್ರಗಳಲ್ಲಿ ಒಂಬತ್ತು ಗುರುತುಗಳ ಜೊತೆಗೆ ೨೦೦೫ರಲ್ಲಿ ಪಟ್ಟಿಯೂ ಸೇರಿತು.

೧೯೭೫ರಲ್ಲಿ ಜೆರೋಮ್ ಸಾಲ್ಟ್‌ಜರ್, ಮೈಕೆಲ್ ಶ್ರೋಡರ್ ಎಂಬ ಇಬ್ಬರು ವಿದ್ವಾಂಸರು ಈ ಬಗೆಯ ರಕ್ಷಣೆಗೆ ಎಂಟು ಸೂತ್ರಗಳನ್ನು ಹೇಳಿದರು. ಅವುಗಳಲ್ಲಿ ಮೂರು ನಮ್ಮ ಕೆಲಸಕ್ಕೆ ನೇರವಾಗಿ ಸಂಬಂಧಿಸಿದುವು. ಮೊದಲನೆಯದು, ಯಾರಿಗೂ ಅವರ ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಅಧಿಕಾರವಿರಕೂಡದು. ಎರಡನೆಯದು, ಕೊಟ್ಟಿದೆಯೆಂದು ಸ್ಪಷ್ಟವಾಗಿ ಹೇಳದಿದ್ದರೆ ಇಲ್ಲವೆಂದೇ ಎಣಿಸತಕ್ಕದ್ದು. ಮೂರನೆಯದು, ರಕ್ಷಣೆಯ ಸಾಧನವು ಬಳಸುವವನ ಮನಸ್ಸಿಗೆ ಹೊಂದುವಂತಿರಬೇಕು. ತಾನು ಏನು ಮಾಡುತ್ತಿದ್ದೇನೆಂಬುದು ಅವನಿಗೆ ತಿಳಿಯುವಂತಿರಬೇಕು. ಆದೇಶಗಳನ್ನು ಅಕ್ಷರ ಅಕ್ಷರವಾಗಿ ಬೆರಳಚ್ಚು ಮಾಡುವ ಕಷ್ಟವನ್ನು ಚಿತ್ರರೂಪದ ಕಿಟಕಿಗಳು ತಪ್ಪಿಸಿದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗುರುತು ಹಾಕುವುದು ಸುಲಭವಾದುದರಿಂದಲೇ ಅದರ ಅರ್ಥವೂ ಸುಲಭವಾಯಿತೆಂದು ತಿಳಿಯಲಾಗದು.

೩

ನಮ್ಮ ಕಾಲೇಜುಗಳಲ್ಲಿ ವಿಶೇಷವಾಗಿ ಕಾಣುವುದು ವಿಂಡೋಸ್ ಆದುದರಿಂದ ಅದನ್ನು ಮೊದಲು ಪರಿಶೀಲಿಸೋಣ. ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ ‘ಪ್ರಾಪರ್ಟೀಸ್’ ಎಂಬುದನ್ನು ತೆರೆದು ‘ಸೆಕ್ಯುರಿಟಿ’ ಎಂಬ ಪುಟಕ್ಕೆ ಹೋದರೆ, ಮೇಲ್ಗಡೆ ವ್ಯಕ್ತಿಗಳ ಮತ್ತು ಗುಂಪುಗಳ ಹೆಸರುಗಳೂ ಕೆಳಗಡೆ ಅನುಮತಿಗಳ ಪಟ್ಟಿಯೂ ಕಾಣುತ್ತವೆ. ಓದುವುದು, ಬರೆಯುವುದು, ಮಾರ್ಪಡಿಸುವುದು, ಎಂದರೆ ಓದು ಬರೆಹಗಳ ಜೊತೆಗೆ ಅಳಿಸುವುದು ಸಹ, ಪೂರ್ಣಾಧಿಕಾರ, ಎಂದರೆ ಇವೆಲ್ಲದರ ಜೊತೆಗೆ ಅನುಮತಿಗಳನ್ನೇ ಬದಲಿಸುವುದು ಮತ್ತು ಒಡೆತನವನ್ನು ವಹಿಸಿಕೊಳ್ಳುವುದು. ಪ್ರತಿಯೊಂದಕ್ಕೂ ಎರಡು ಸಾಲು ಚೌಕಗಳು: ಒಂದು ಅನುಮತಿಗೆ, ಇನ್ನೊಂದು ನಿಷೇಧಕ್ಕೆ. ‘ಎಡಿಟ್’ ಎಂಬುದನ್ನು ಒತ್ತಿದರೆ ಗುರುತುಗಳನ್ನು ಬದಲಿಸಬಹುದು. ನೋಡಿದವರಿಗೆ ಇದಕ್ಕಿಂತ ನಿಚ್ಚಳವಾದ ಏರ್ಪಾಡು ಇಲ್ಲವೆನಿಸುತ್ತದೆ. ಆದರೆ ಈ ಪುಟದಲ್ಲಿ ಎದ್ದು ಕಾಣದ ಸಂಗತಿಗಳು ಮೂರು.

ಒಂದನೆಯದು ಗುಂಪು. ಒಬ್ಬನ ಹೆಸರಿನ ಎದುರು ಓದುವುದಕ್ಕೆ ಮಾತ್ರ ಗುರುತಿರಬಹುದು. ಆದರೆ ಅವನು ಸೇರಿರುವ ಗುಂಪಿಗೆ ಮಾರ್ಪಡಿಸುವ ಅನುಮತಿಯಿದ್ದರೆ, ಅವನಿಗೆ ಎರಡೂ ಕೂಡಿ ಬರುತ್ತವೆ. ಹಲವು ದಾರಿಗಳಿಂದ ಬಂದ ಅನುಮತಿಗಳು ಒಟ್ಟುಗೂಡುತ್ತವೆಯೇ ಹೊರತು ಚಿಕ್ಕದು ದೊಡ್ಡದನ್ನು ತಡೆಯುವುದಿಲ್ಲ. ಆದುದರಿಂದ ಒಬ್ಬನ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿದ ಮಾತ್ರಕ್ಕೆ ಅವನ ಪ್ರವೇಶ ನಿಂತಿತೆಂದು ಹೇಳಲಾಗದು.

ಎರಡನೆಯದು ಬಳುವಳಿ. ಫೋಲ್ಡರಿಗೆ ಕೊಟ್ಟ ಅನುಮತಿ ಸಾಮಾನ್ಯವಾಗಿ ಅದರೊಳಗಿನ ಫೋಲ್ಡರುಗಳಿಗೂ ಕಡತಗಳಿಗೂ ಇಳಿಯುತ್ತದೆ. ಹಾಗೆ ಇಳಿದುಬಂದ ಗುರುತುಗಳು ಬೂದುಬಣ್ಣದಲ್ಲಿರುತ್ತವೆ. ಅಲ್ಲಿಯೇ ಅವುಗಳನ್ನು ಅಳಿಸಲು ಬಾರದು. ಅವು ಎಲ್ಲಿಂದ ಬಂದುವೆಂಬುದನ್ನು ಅರಿಯಲು ‘ಅಡ್ವಾನ್ಸ್ಡ್’ ಎಂಬ ಒಳಕಿಟಕಿಯನ್ನು ತೆರೆದು, ಪ್ರತಿ ನಮೂದಿನ ಎದುರು ಬರೆದಿರುವ ಮೂಲ ಫೋಲ್ಡರಿನ ಹೆಸರನ್ನು ನೋಡಬೇಕು. ನಮ್ಮ ಪ್ರಸಂಗದಲ್ಲಿ ನಾವು ಗುರುತು ಹಾಕಿದುದು ಮೇಲಿನ ಒಂದು ಫೋಲ್ಡರಿಗೆ ಮಾತ್ರ. ಅದು ಕೆಳಗಿದ್ದ ಮೂಲಚಿತ್ರಗಳವರೆಗೂ ಇಳಿದುದನ್ನು ನಾವು ಗಮನಿಸಲಿಲ್ಲ. ಮೂಲಚಿತ್ರಗಳಿಗೆ ಬೇರೆ ಕಟ್ಟಳೆ ಬೇಕಾದಲ್ಲಿ ಅದೇ ಒಳಕಿಟಕಿಯಲ್ಲಿ ಬಳುವಳಿಯನ್ನು ಕಡಿದು, ಇಳಿದುಬಂದ ನಮೂದುಗಳನ್ನು ಆ ಫೋಲ್ಡರಿನ ಸ್ವಂತ ನಮೂದುಗಳಾಗಿ ಮಾಡಿಕೊಂಡು, ಅನಂತರ ಬೇಡವಾದುವನ್ನು ತೆಗೆಯತಕ್ಕದ್ದು.

ಮೂರನೆಯದು ನಿಷೇಧದ ಕ್ರಮ. ನಿಷೇಧವು ಅನುಮತಿಯನ್ನು ಗೆಲ್ಲುತ್ತದೆಂದು ಎಲ್ಲರೂ ಹೇಳುವುದುಂಟು. ಅದು ಪೂರ್ಣವಾಗಿ ನಿಜವಲ್ಲ. ಯಂತ್ರವು ಮೊದಲು ಆ ಕಡತಕ್ಕೇ ನೇರವಾಗಿ ಬರೆದ ನಿಷೇಧವನ್ನೂ ಬಳಿಕ ನೇರವಾಗಿ ಬರೆದ ಅನುಮತಿಯನ್ನೂ ನೋಡುತ್ತದೆ. ಬಳುವಳಿಯಾಗಿ ಬಂದ ನಿಷೇಧ, ಬಳುವಳಿಯಾಗಿ ಬಂದ ಅನುಮತಿ ಇವುಗಳ ಸರದಿ ಅನಂತರದ್ದು. ಆದುದರಿಂದ ಮೇಲಿನ ಫೋಲ್ಡರಿನಲ್ಲಿ ನಿಷೇಧವಿದ್ದರೂ, ಕೆಳಗಿನ ಕಡತದಲ್ಲಿ ನೇರವಾಗಿ ಕೊಟ್ಟ ಅನುಮತಿ ಅದನ್ನು ಮೀರುತ್ತದೆ. ನಿಷೇಧದ ಚೌಕವನ್ನು ಆದಷ್ಟು ಮುಟ್ಟದೆ, ಬೇಡವಾದ ಅನುಮತಿಯನ್ನು ತೆಗೆದುಬಿಡುವುದೇ ಲೇಸು. ವಿದ್ಯಾರ್ಥಿಗಳೆಲ್ಲರಿಗೂ ನಿಷೇಧವೆಂದು ಒಮ್ಮೆ ಬರೆದರೆ, ವಿದ್ಯಾರ್ಥಿಗಳ ಗುಂಪಿನಲ್ಲಿಯೂ ಹೆಸರಿರುವ ಸಂಶೋಧನ ಸಹಾಯಕನು ತನ್ನದೇ ಕಡತದಿಂದ ಹೊರಗುಳಿಯುವ ಸಂಭವವುಂಟು.

೪

ದತ್ತಿಶಾಸನಗಳನ್ನು ಓದುವವರಿಗೆ ಈ ತೊಡಕು ಹೊಸದಲ್ಲ. ಒಂದು ಗ್ರಾಮವನ್ನು ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳೊಡನೆ ಇಂಥವರಿಗೆ ಕೊಟ್ಟಿತೆಂದು ತಾಮ್ರಪಟ ಹೇಳುತ್ತದೆ. ಕೊಟ್ಟವರಾರು, ಪಡೆದವರಾರು, ಹಕ್ಕುಗಳಾವುವು ಎಂಬುದು ಅದರಿಂದ ತಿಳಿಯುತ್ತದೆ. ಆದರೆ ಮುಂದೆ ಆ ಭೂಮಿಯನ್ನು ನಿಜವಾಗಿ ಅನುಭವಿಸಿದವರಾರೆಂಬುದನ್ನು ಆ ಒಂದು ಪಟದಿಂದಲೇ ನಿರ್ಣಯಿಸುವ ಧೈರ್ಯವನ್ನು ಯಾವ ಇತಿಹಾಸಕಾರನೂ ಮಾಡುವುದಿಲ್ಲ. ಹಿಂದಿನ ದತ್ತಿ, ಮುಂದಿನ ದತ್ತಿ, ವ್ಯಾಜ್ಯದ ತೀರ್ಪು ಇವುಗಳನ್ನೂ ಕೂಡಿಸಿ ನೋಡುತ್ತಾನೆ. ಕಡತದ ಅನುಮತಿಪಟ್ಟಿಯನ್ನೂ ಇದೇ ಎಚ್ಚರದಿಂದ ಓದಬೇಕು.

ವಿಂಡೋಸಿನಲ್ಲಿ ಇದಕ್ಕೆ ಬೇಕಾದ ಸಾಧನವಿದೆ. ಆದರೆ ಅದು ಮೊದಲ ಪುಟದಲ್ಲಿಲ್ಲದಿರುವುದರಿಂದ ಹಲವರು ಕಂಡಿರುವುದಿಲ್ಲ. ‘ಅಡ್ವಾನ್ಸ್ಡ್’ ಒಳಕಿಟಕಿಯಲ್ಲಿ ‘ಎಫೆಕ್ಟಿವ್ ಆಕ್ಸೆಸ್’ ಎಂಬ ಪುಟವೊಂದುಂಟು. ನಾವು ಇದನ್ನು ಫಲಿತಾನುಮತಿ ಎಂದು ಕರೆಯಬಹುದು. ಅಲ್ಲಿ ಒಬ್ಬ ಬಳಕೆದಾರನ ಹೆಸರನ್ನು ಕೊಟ್ಟರೆ, ಗುಂಪು, ಬಳುವಳಿ, ನಿಷೇಧ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಅವನಿಗೆ ಕಟ್ಟಕಡೆಗೆ ಯಾವ ಯಾವ ಹಕ್ಕುಗಳು ಉಳಿದಿವೆಯೆಂಬುದನ್ನು ಯಂತ್ರವೇ ಹೇಳುತ್ತದೆ.

ಈ ಪುಟ ಹಿಂದೆ ಅಡಗಿರುವುದು ಅಲ್ಪವಾದ ದೋಷವಲ್ಲವೆಂಬುದಕ್ಕೆ ಪ್ರಮಾಣವಿದೆ. ೨೦೦೫ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಯ್ ಮ್ಯಾಕ್ಸಿಯನ್, ರಾಬರ್ಟ್ ರೀಡರ್ ಎಂಬುವರು ವಿಂಡೋಸ್ ಎಕ್ಸ್‌ಪಿಯ ಅನುಮತಿ ಕಿಟಕಿಯನ್ನು ಪರೀಕ್ಷೆಗೆ ಒಡ್ಡಿದರು. ಇಂಥವನಿಗೆ ಇಂಥ ಅನುಮತಿ ಇರುವಂತೆ ಮಾಡಿರೆಂದು ಬಳಕೆದಾರರಿಗೆ ಕೆಲಸಗಳನ್ನು ಕೊಟ್ಟು ನೋಡಿದರು. ಕೆಲಸ ಸರಿಯಾಗಿ ಮುಗಿಯಿತೆಂದು ನಂಬಿಯೂ ತಪ್ಪಿದವರು ಅನೇಕರು. ಫಲಿತಾನುಮತಿಯನ್ನು ಅದೇ ಕಿಟಕಿಯಲ್ಲಿ ಕಣ್ಣೆದುರಿಗೇ ತೋರಿಸುವ ಬೇರೊಂದು ಕಿಟಕಿಯನ್ನು ಅವರು ರಚಿಸಿ ಕೊಟ್ಟಾಗ, ತಪ್ಪುಗಳು ಬಹುಮಟ್ಟಿಗೆ ಇಳಿದುವು. ಬಳಸುವವರ ಜಾಣ್ಮೆಯಲ್ಲಿ ಕೊರತೆಯಿರಲಿಲ್ಲ. ಬೇಕಾದ ಉತ್ತರವು ಬೇಕಾದಲ್ಲಿ ಕಾಣುತ್ತಿರಲಿಲ್ಲ. ಗುರುತು ಹಾಕಿ ಕಿಟಕಿಯನ್ನು ಮುಚ್ಚುವ ಮೊದಲು ಫಲಿತಾನುಮತಿಯ ಪುಟವನ್ನು ನೋಡುವ ಒಂದು ಅಭ್ಯಾಸವಿದ್ದಿದ್ದರೆ ನಮ್ಮ ಚಿತ್ರಗಳು ಉಳಿಯುತ್ತಿದ್ದುವು.

೫

ಲಿನಕ್ಸ್ ಯಂತ್ರಗಳನ್ನು ಬಳಸುವ ಕಾಲೇಜುಗಳೂ ಉಂಟು. ಅಲ್ಲಿ ನೋಮ್ ಎಂಬ ಪರಿಸರದಲ್ಲಿ ಕಡತದ ‘ಪ್ರಾಪರ್ಟೀಸ್’ ಕಿಟಕಿಯ ಅನುಮತಿಪುಟವನ್ನು ತೆರೆದರೆ ಒಡೆಯ, ಗುಂಪು, ಉಳಿದವರು ಎಂದು ಮೂರೇ ವರ್ಗಗಳಿರುತ್ತವೆ. ಕಡತಕ್ಕೆ ಓದು ಮಾತ್ರ ಎಂದೋ ಓದು ಬರೆಹ ಎಂದೋ ಆರಿಸಬಹುದು. ಫೋಲ್ಡರಿಗಾದರೆ ಹೆಸರುಗಳ ಪಟ್ಟಿಯನ್ನು ನೋಡುವುದು, ಒಳಗಿನ ಕಡತಗಳನ್ನು ತೆರೆಯುವುದು, ಕಡತಗಳನ್ನು ಸೃಷ್ಟಿಸುವುದು ಮತ್ತು ಅಳಿಸುವುದು ಎಂಬ ಮೆಟ್ಟಿಲುಗಳಿವೆ.

ಇಲ್ಲಿ ವಾಚಕರು ವಿಶೇಷವಾಗಿ ಲಕ್ಷಿಸಬೇಕಾದ ಅಂಶ ಒಂದಿದೆ. ಈ ಪದ್ಧತಿಯಲ್ಲಿ ಕಡತವನ್ನು ಅಳಿಸುವ ಹಕ್ಕು ಕಡತಕ್ಕೆ ಸೇರಿದುದಲ್ಲ, ಅದಿರುವ ಫೋಲ್ಡರಿಗೆ ಸೇರಿದುದು. ಕಡತಕ್ಕೆ ಓದು ಮಾತ್ರ ಎಂದು ಗುರುತು ಹಾಕಿ ನಿಶ್ಚಿಂತರಾಗಿರುವವರು, ಫೋಲ್ಡರಿನಲ್ಲಿ ಸೃಷ್ಟಿಸುವ ಮತ್ತು ಅಳಿಸುವ ಅನುಮತಿಯನ್ನು ಬಿಟ್ಟಿದ್ದರೆ, ಇನ್ನೊಬ್ಬನು ಆ ಕಡತವನ್ನು ಅಳಿಸಿ ಅದೇ ಹೆಸರಿನ ಬೇರೊಂದನ್ನು ಇಡುವುದನ್ನು ತಡೆಯಲಾರರು. ಪುಸ್ತಕದ ಪುಟಗಳಿಗೆ ಮುದ್ರೆ ಹಾಕಿ, ಪುಸ್ತಕವಿರುವ ಬೀರುವನ್ನು ತೆರೆದಿಟ್ಟಂತೆ ಇದು. ವಿಂಡೋಸಿನಲ್ಲಿಯೂ ಮೇಲಿನ ಫೋಲ್ಡರಿನ ಪೂರ್ಣಾಧಿಕಾರದೊಳಗೆ ಒಳಗಿನ ಕಡತಗಳನ್ನು ಅಳಿಸುವ ಹಕ್ಕು ಅಡಕವಾಗಿದೆ. ಮೂಲಪ್ರತಿಗಳನ್ನು ಕಾಯಬೇಕಾದರೆ ಕಡತದ ಜೊತೆಗೆ ಫೋಲ್ಡರನ್ನೂ ಕಾಯಬೇಕು.

ಒಬ್ಬಿಬ್ಬರಿಗೆ ಮಾತ್ರ ಹೆಸರು ಹಿಡಿದು ಅನುಮತಿ ಕೊಡಬೇಕಾದಲ್ಲಿ ಮೂರು ವರ್ಗಗಳು ಸಾಲವು. ಅದಕ್ಕಾಗಿ ಲಿನಕ್ಸಿನಲ್ಲಿಯೂ ಪಟ್ಟಿಯ ಪದ್ಧತಿ ಸೇರಿದೆ. ಐಸಿಯಲ್ ಎಂಬ ಸಾಧನವೂ ಕೆಡಿಇ ಪರಿಸರದ ಡಾಲ್ಫಿನ್ ಕಿಟಕಿಯ ಹೆಚ್ಚಿನ ಅನುಮತಿಗಳ ಭಾಗವೂ ಈ ಪಟ್ಟಿಯನ್ನು ಚಿತ್ರರೂಪದಲ್ಲಿ ತೋರಿಸುತ್ತವೆ. ನೋಮ್ ಪರಿಸರದ ಸಾಮಾನ್ಯ ಪುಟವು ಮೂರು ವರ್ಗಗಳನ್ನಷ್ಟೇ ತೋರಿಸುವುದರಿಂದ, ಅದನ್ನು ನೋಡಿ ಹೆಚ್ಚಿನ ಅನುಮತಿ ಯಾರಿಗೂ ಇಲ್ಲವೆಂದು ತೀರ್ಮಾನಿಸಬಾರದು.

ಮ್ಯಾಕ್ ಯಂತ್ರದಲ್ಲಿ ‘ಗೆಟ್ ಇನ್ಫೊ’ ಎಂಬ ಕಿಟಕಿಯ ಕೊನೆಯ ಭಾಗದಲ್ಲಿ ಇದೇ ಏರ್ಪಾಡು ಇದೆ. ಅದರಲ್ಲಿ ಅಧ್ಯಾಪಕರಿಗೆ ಉಪಯುಕ್ತವಾದ ಒಂದು ಬಗೆಯುಂಟು: ಬರೆಯುವುದಕ್ಕೆ ಮಾತ್ರ ಅನುಮತಿಯಿರುವ ಫೋಲ್ಡರು. ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳನ್ನು ಅದರೊಳಗೆ ಹಾಕಬಹುದು. ಇತರರು ಹಾಕಿದುದನ್ನು ನೋಡಲಾರರು. ಅಂಚೆಯ ಪೆಟ್ಟಿಗೆಯಂತೆ ಅದರ ಬಳಕೆ.

೬

ಅನುಮತಿಗೆ ಎಲ್ಲೆಗಳೂ ಉಂಟು. ಒಂದೇ ಡಿಸ್ಕಿನೊಳಗೆ ಕಡತವನ್ನು ಸ್ಥಳಾಂತರಿಸಿದರೆ ಅದು ತನಗೆ ನೇರವಾಗಿ ಬರೆದ ಅನುಮತಿಗಳನ್ನು ಹೊತ್ತುಕೊಂಡೇ ಹೋಗುತ್ತದೆ. ನಕಲು ಮಾಡಿದರೆ ನಕಲಿಗೆ ಹೊಸ ಫೋಲ್ಡರಿನ ಅನುಮತಿ ಬರುತ್ತದೆ. ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾಗಿ ಬಳಸುವ ಫ್ಯಾಟ್ ವರ್ಗದ ಕಡತವ್ಯವಸ್ಥೆಯಲ್ಲಿ ಇಂಥ ಅನುಮತಿಗಳಿಗೆ ಸ್ಥಾನವೇ ಇಲ್ಲ. ಅದಕ್ಕೆ ನಕಲಾದ ಕಡತವು ಪೆನ್‌ಡ್ರೈವನ್ನು ಕೈಯಲ್ಲಿ ಹಿಡಿದವನ ವಶ. ವಿಂಡೋಸ್ ಜಾಲದ ಮೂಲಕ ಹಂಚಿದ ಫೋಲ್ಡರಿಗೆ ಹಂಚಿಕೆಯ ಅನುಮತಿಯೆಂಬುದು ಬೇರೆ ಇರುತ್ತದೆ. ಜಾಲದಿಂದ ಬರುವವರಿಗೆ ಎರಡರಲ್ಲಿ ಬಿಗಿಯಾದುದೇ ಅನ್ವಯಿಸುತ್ತದೆ. ಯಂತ್ರದ ಮುಂದೆಯೇ ಕುಳಿತವನಿಗೆ ಈ ಎರಡನೆಯ ತಡೆ ಇಲ್ಲ. ಯಂತ್ರದ ಆಡಳಿತಾಧಿಕಾರಿಯಾದರೋ ಒಡೆತನವನ್ನೇ ವಹಿಸಿಕೊಳ್ಳಬಲ್ಲನು. ಆದುದರಿಂದ ಅನುಮತಿಯು ಬೇರೊಂದು ಡಿಸ್ಕಿನ ಪ್ರತಿಗೆ ಬದಲಿಯಾಗಲಾರದು. ನಮ್ಮಲ್ಲಿ ಅಂಥ ಪ್ರತಿಯೂ ಇರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಈಗ ನಾವು ನಡೆಸಿಕೊಂಡು ಬರುತ್ತಿರುವ ಕ್ರಮವನ್ನು ಹೇಳಿ ಮುಗಿಸುತ್ತೇವೆ. ಕ್ಷೇತ್ರಕಾರ್ಯದ ಸಾಮಗ್ರಿಯನ್ನು ‘ಮೂಲ’, ‘ಕೆಲಸ’ ಎಂಬ ಎರಡು ಫೋಲ್ಡರುಗಳಾಗಿ ವಿಂಗಡಿಸಿದ್ದೇವೆ. ‘ಮೂಲ’ದಲ್ಲಿ ಎಲ್ಲರಿಗೂ ಓದು ಮಾತ್ರ, ನಮ್ಮ ದಿನನಿತ್ಯದ ಖಾತೆಗೂ ಅಷ್ಟೇ. ಹೊಸ ಚಿತ್ರಗಳನ್ನು ಸೇರಿಸುವುದಕ್ಕೆ ಬೇರೆಯೇ ಒಂದು ಖಾತೆಯಿದೆ. ‘ಕೆಲಸ’ದಲ್ಲಿ ವಿದ್ಯಾರ್ಥಿಗಳು ಬೇಕಾದುದನ್ನು ನಕಲು ಮಾಡಿಕೊಂಡು ತಿದ್ದಬಹುದು, ಕಿರಿದು ಮಾಡಬಹುದು, ಅಳಿಸಲೂಬಹುದು. ಅನುಮತಿಯನ್ನು ವ್ಯಕ್ತಿಗಳ ಹೆಸರಿಗೆ ಕೊಡದೆ ಗುಂಪಿಗೆ ಕೊಡುತ್ತೇವೆ. ವರ್ಷದ ಕೊನೆಯಲ್ಲಿ ಹೊರಟವರ ಹೆಸರನ್ನು ಗುಂಪಿನಿಂದ ತೆಗೆದರೆ ಸಾಕು. ಗುಂಪಿನಲ್ಲಿ ಮಾಡಿದ ಬದಲಾವಣೆ ವಿಂಡೋಸಿನಲ್ಲಿ ಆ ಬಳಕೆದಾರನು ಮತ್ತೊಮ್ಮೆ ಒಳಬಂದಾಗ ಜಾರಿಗೆ ಬರುವುದೆಂಬುದನ್ನು ಮರೆಯಬಾರದು. ಪ್ರತಿ ಬದಲಾವಣೆಯ ತರುವಾಯ ಫಲಿತಾನುಮತಿಯ ಪುಟವನ್ನು ನೋಡುತ್ತೇವೆ. ಅದು ಸಾಲದೆಂಬಂತೆ, ವಿದ್ಯಾರ್ಥಿಯ ಖಾತೆಯಿಂದ ಒಳಹೊಕ್ಕು, ಪರೀಕ್ಷೆಗೆಂದೇ ಇರಿಸಿದ ಒಂದು ಕಡತವನ್ನು ಅಳಿಸಲು ಪ್ರಯತ್ನಿಸುತ್ತೇವೆ. ಯಂತ್ರವು ಒಪ್ಪದಿದ್ದರೆ ಮಾತ್ರ ಕೆಲಸ ಮುಗಿಯಿತೆಂದು ಎಣಿಸುತ್ತೇವೆ. ಎಲ್ಲಕ್ಕೂ ಮಿಗಿಲಾಗಿ, ಬೇರೆ ಕೋಣೆಯಲ್ಲಿರುವ ಡಿಸ್ಕಿನಲ್ಲಿ ಒಂದು ಪ್ರತಿಯನ್ನು ಇಡುತ್ತೇವೆ.

ಇಷ್ಟೊಂದು ಕಟ್ಟಳೆ ವಿದ್ಯಾರ್ಥಿಗಳಲ್ಲಿ ಅವಿಶ್ವಾಸವನ್ನು ತೋರಿಸುವುದಿಲ್ಲವೇ ಎಂದು ಒಬ್ಬ ಸಹೋದ್ಯೋಗಿಗಳು ಕೇಳಿದರು. ಅದಕ್ಕೆ ವಿರುದ್ಧವಾದುದೇ ನಿಜವೆಂದು ನಮಗೆ ತೋರುತ್ತದೆ. ತಿಳಿಯದೆ ಕೈ ಹಾಕಿದರೂ ಕೆಡದಂಥ ಎಡೆಯಲ್ಲಿ ವಿದ್ಯಾರ್ಥಿಯು ಧೈರ್ಯವಾಗಿ ಕೆಲಸ ಮಾಡಬಲ್ಲನು. ಅಂದು ಚಿತ್ರಗಳನ್ನು ಕಿರಿದು ಮಾಡಿದ ವಿದ್ಯಾರ್ಥಿ, ಸಂಗತಿ ತಿಳಿದ ಮೇಲೆ, ಬಹಳ ದಿನಗಳವರೆಗೆ ಆ ಯಂತ್ರವನ್ನು ಮುಟ್ಟಲಿಲ್ಲ. ನಮ್ಮ ಒಂದು ಗುರುತಿನ ಹೊರೆಯನ್ನು ಅವನು ಹೊರಬೇಕಾಯಿತು.

ವೀರಗಲ್ಲಿನ ಪಾಠವನ್ನು ನಾವು ಸಿದ್ಧಪಡಿಸಿದ್ದೇವೆ. ಮೂರನೆಯ ಸಾಲಿನಲ್ಲಿ ವೀರನ ಹೆಸರು ಬರುವ ಎಡೆಯಲ್ಲಿ ನಾಲ್ಕು ಅಕ್ಷರಗಳಿವೆ. ಕ್ಷೇತ್ರದ ಟಿಪ್ಪಣಿಪುಸ್ತಕದಲ್ಲಿ ಅವುಗಳ ನಮ್ಮ ಮೊದಲ ಓದು ಉಳಿದಿದೆ. ಕಿರಿದಾದ ಚಿತ್ರದಲ್ಲಿ ಅದನ್ನು ತಾಳೆನೋಡಲು ಬಾರದು. ಆದುದರಿಂದ ಆ ನಾಲ್ಕು ಅಕ್ಷರಗಳನ್ನು ಚೌಕ ಕಂಸದೊಳಗೆ ಇರಿಸಿದ್ದೇವೆ.